ಇಲ್ಲ, ನನಗೆ ಶೀತವಾಗಿಲ್ಲ

ನನ್ನ ಗಡಸು ಧ್ವನಿ ಕೇಳಿ "ಶೀತವಾಗಿದೆಯೇ?" ಎನ್ನುವವರಿಗೆಲ್ಲ ಒಂದೇ ಸಲ ಹೇಳಿಬಿಡುತ್ತೇನೆ: ಇಲ್ಲ. ನಾಲ್ಕು ವರ್ಷ ಯಾರಿಗೂ ಶೀತವಿರುವುದಿಲ್ಲ. ನನ್ನ ಎಡ ಅಂಡಾಶಯದಲ್ಲಿ ಒಂದೂವರೆ ಸೆಂಟಿಮೀಟರಿನ ಗಡ್ಡೆಯೊಂದು ಕುಳಿತು ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಸುರಿಸುತ್ತಿತ್ತು. ಅದರಿಂದ ಧ್ವನಿತಂತುಗಳು ದಪ್ಪಗಾದವು. ಗಡ್ಡೆ ಹೋಯಿತು, ಧ್ವನಿ ಹಿಂದಿರುಗಲಿಲ್ಲ. ಶುಂಠಿ ಕಷಾಯ ಮಾಡುವುದು ನನಗೆ ಗೊತ್ತು, ದಯವಿಟ್ಟು ಹೇಳಿಕೊಡಬೇಡಿ.

ಕೇಳುವುದಕ್ಕೇ ಸಿಟ್ಟಿಲ್ಲ. "ಗಂಡಸರ ಹಾಗೆ" ಎಂಬ ಬಾಲ ಸೇರಿಸಿ, ಕಣ್ಣನ್ನು ನನ್ನ ಗದ್ದದ ಮೇಲಿಡುವವರನ್ನು ಕಂಡರೆ ಸಿಟ್ಟು. ತಂಗಿಯ ಮಗಳ ಮದುವೆಯಲ್ಲಿ ಆರತಿ ಹಾಡಿಗೆ ಬಾಯಿ ತೆರೆದೆ. ಎರಡನೇ ಸಾಲಿಗೆ ಜೊತೆಯವರೆಲ್ಲ ನಿಲ್ಲಿಸಿದರು. ಅವರ ಶ್ರುತಿ ಎಲ್ಲೋ, ನನ್ನದು ಎಲ್ಲೋ. ದೊಡ್ಡಮ್ಮ ಪಕ್ಕಕ್ಕೆ ಕರೆದು, "ಮುಟ್ಟು ನಿಂತ ಮೇಲೆ ಇದೆಲ್ಲ ಇದ್ದದ್ದೇ ಕಣೇ, ಗದ್ದಕ್ಕೆ ಕಸ್ತೂರಿ ಅರಿಶಿನ ಹಚ್ಚು" ಎಂದರು. ಹಚ್ಚಿದೆ. ಗಡ್ಡ ಹಳದಿಯಾಯಿತು.

ಮೊದಲು ನೋಡಿದ ವೈದ್ಯರೂ ಅರಿಶಿನವೊಂದನ್ನು ಬಿಟ್ಟು ಉಳಿದದ್ದನ್ನೇ ಹೇಳಿದರು.

"ಎಷ್ಟು ದಿನದಲ್ಲಿ ಹೀಗಾಯಿತು?" ಎಂದು ಯಾರಾದರೂ ಕೇಳಬಾರದಿತ್ತೇ? ಆರೇ ತಿಂಗಳು. ವಯಸ್ಸು ಅಷ್ಟು ಅವಸರ ಮಾಡುವುದಿಲ್ಲ. ಪಿಸಿಓಡಿ ಎಂಬ ಅಂಡಾಶಯದ ಹಾರ್ಮೋನು ಏರುಪೇರು ಇರುವ ಹುಡುಗಿಯರಿಗೂ ಮುಖದ ಕೂದಲು ವರ್ಷಗಟ್ಟಲೆ ನಿಧಾನವಾಗಿ ಬರುತ್ತದೆ; ಧ್ವನಿ ಸಾಮಾನ್ಯವಾಗಿ ಒಡೆಯುವುದಿಲ್ಲ. ಕೊನೆಗೆ ಕೇಳಿದವರು ಹಾರ್ಮೋನು ತಜ್ಞೆಯೊಬ್ಬರು. ಹಳೆಯ ಧ್ವನಿ ಫೋನಿನಲ್ಲಿದೆಯೇ ಎಂದರು. ಮೊಮ್ಮಗನಿಗೆ ಜೋಗುಳ ಹಾಡಿದ ವಿಡಿಯೊ ತೋರಿಸಿದೆ. ಪೂರ್ತಿ ಕೇಳಿಸಿಕೊಂಡು, ಏನೂ ಮಾತನಾಡದೆ ರಕ್ತಪರೀಕ್ಷೆಗೆ ಬರೆದರು.

ಟೆಸ್ಟೋಸ್ಟೆರಾನ್ ಡೆಸಿಲೀಟರಿಗೆ 410 ನ್ಯಾನೋಗ್ರಾಂ. ಹೆಂಗಸರಲ್ಲಿ 200 ದಾಟಿದರೇ ಗಡ್ಡೆಯ ಅನುಮಾನ. ನನ್ನದು ಗಂಡಸರ ಲೆಕ್ಕಕ್ಕೆ ಸೇರಿತ್ತು. (ಈ ಒಂದು ವಿಷಯದಲ್ಲಿ "ಗಂಡಸರ ಹಾಗೆ" ಎಂದವರು ಸರಿ.) ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಬರುವ ಡಿಎಚ್‌ಇಎ ಸಲ್ಫೇಟ್ ಎಂಬ ಹಾರ್ಮೋನು ಮಿತಿಯಲ್ಲಿದ್ದುದರಿಂದ ಆ ಗ್ರಂಥಿಯ ಮೇಲಿನ ಸಂಶಯ ತಗ್ಗಿತು. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದೆ ಎಂಆರ್‌ಐಯಲ್ಲಿ ಸಿಕ್ಕಿಬಿತ್ತು. ಲೇಡಿಗ್ ಕೋಶದ ಗಡ್ಡೆ. ಗಂಡಸರ ವೃಷಣದಲ್ಲಿರುವಂಥ ಕೋಶಗಳೇ. ತೀರಾ ಅಪರೂಪ, ಹೆಚ್ಚಾಗಿ ಸಣ್ಣದು, ಬಹುಪಾಲು ಕ್ಯಾನ್ಸರ್ ಅಲ್ಲ.

ಎರಡೂ ಅಂಡಾಶಯ ತೆಗೆದ ಕೆಲವೇ ದಿನಗಳಲ್ಲಿ ಅಂಕಿ ಇಳಿಯಿತು. ಗದ್ದದ ಕೂದಲು ತೆಳುವಾಯಿತು, ನೆತ್ತಿಯ ಮೇಲೆ ಸ್ವಲ್ಪ ಚಿಗುರಿತು. ಧ್ವನಿ ಮಾತ್ರ ಹೀಗೆಯೇ ಉಳಿಯಿತು. ಮೊದಮೊದಲು ಗ್ಯಾಸ್ ಏಜೆನ್ಸಿಯ ಹುಡುಗ "ಹೇಳಿ ಸರ್" ಎಂದಾಗ ತಿದ್ದುತ್ತಿದ್ದೆ. ಈಗ ತಿದ್ದುವುದಿಲ್ಲ. ಸರ್‌ಗೆ ಸಿಲಿಂಡರ್ ಎರಡು ದಿನ ಮೊದಲೇ ಬರುತ್ತದೆ.