ಹಂದಿ ತುಳಿದ ಕನ್ನಡಕ

ಮಾಡಿನಿಂದ ಟ್ಯಾಂಕಿಗೆ ನೀರಿಳಿಯುವ ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡಿತ್ತು. ಜೂನ್ ತಿಂಗಳ ಒಂದು ಗುರುವಾರ, ಮಳೆ ಸ್ವಲ್ಪ ಹೊಳವಾಗಿತ್ತು. 69 ವರ್ಷದವರು ಏಣಿ ಹತ್ತುವುದು ಬೇಡ, ಸಂಜೆ ಟ್ಯೂಷನ್ ಹುಡುಗರು ಬರುತ್ತಾರೆ, ಅವರ ಹತ್ತಿರ ಮಾಡಿಸೋಣ ಅಂದೆ. "ಅಷ್ಟರಲ್ಲಿ ಎಷ್ಟು ಕೊಡ ನೀರು ಹೋಗ್ತದೆ ಗೊತ್ತುಂಟಾ ಮಾರಾಯ್ತಿ?" ಅಂತ ಇವರು ಹತ್ತಿಯೇಬಿಟ್ಟರು. ಮೇಲೆ ನಿಂತು ಬಗ್ಗಿದ್ದೇ ತಡ, ಕನ್ನಡಕ ಮೂಗಿನಿಂದ ಜಾರಿ ಕೆಳಗೆ ಬಿತ್ತು. ಕೆಳಗೆ ಕ್ಯಾಪ್ಟನ್ ಮನೆಯ ಹಂದಿ ಹಲಸಿನ ಬೀಜ ಹುಡುಕುತ್ತಿತ್ತು. ನಾನು ಓಡಿ ಬರುವಷ್ಟರಲ್ಲಿ ಅದು ಒಂದು ಕಾಲು ಎತ್ತಿ ಇಟ್ಟಾಗಿತ್ತು. 'ಕರಕ್' ಅಂದದ್ದು ಏಣಿಯ ಮೇಲಿದ್ದವರಿಗೂ ಕೇಳಿಸಿತು.

ತಪ್ಪು ಹಂದಿಯದಲ್ಲ. ಆ ಕನ್ನಡಕದ ಕಿವಿಕಡ್ಡಿಯ ಸ್ಕ್ರೂ ತುಕ್ಕು ಹಿಡಿದು ಉದುರಿ ಎರಡು ತಿಂಗಳಾಗಿತ್ತು, ದಾರ ಸುತ್ತಿ ಹಾಕಿಕೊಳ್ಳುತ್ತಿದ್ದರು. ಇಲ್ಲಿಯ ಉಪ್ಪುಗಾಳಿಗೆ ಬೀಗ, ಕತ್ತರಿ, ಛತ್ರಿಯ ಕಡ್ಡಿ ಯಾವುದೂ ಬಾಳುವುದಿಲ್ಲ. ನನ್ನ ಹೊಲಿಗೆ ಸೂಜಿಗಳನ್ನು ತೆಂಗಿನೆಣ್ಣೆ ಹಚ್ಚಿದ ಬಟ್ಟೆಯಲ್ಲಿ ಸುತ್ತಿಡುತ್ತೇನೆ.

ನಾವಿರುವುದು ಲಿಟಲ್ ಅಂಡಮಾನ್ ದ್ವೀಪದಲ್ಲಿ. ಅಂಡಮಾನಿನ ದಕ್ಷಿಣದ ತುದಿ ಇದು. ಇಲ್ಲಿಂದ ಕೆಳಗೆ ಹತ್ತು ಡಿಗ್ರಿ ಕಾಲುವೆ, ಅದು ದಾಟಿದರೆ ನಿಕೋಬಾರ್. ಹಡಗು ಬಂದು ನಿಲ್ಲುವುದು ಹಟ್ ಬೇಯಲ್ಲಿ. ಊರುಗಳಿಗೆ ಹೆಸರುಗಳಿದ್ದರೂ ಜನ ಹೇಳುವುದು ಜೆಟ್ಟಿಯಿಂದ ಎಷ್ಟನೇ ಕಿಲೋಮೀಟರ್ ಎಂದೇ. ಇವರು ನಿವೃತ್ತ ಬ್ಯಾಂಕ್ ಗುಮಾಸ್ತರು, ನಾನು ನಿವೃತ್ತ ಶಾಲಾ ಟೀಚರು. ಎರಡು ವರ್ಷ ಇದ್ದು ಬನ್ನಿ ಎಂದು ನಮ್ಮ ಚರ್ಚಿನ ಸಭೆಯವರು ಕಳುಹಿಸಿದ್ದರು, ಈಗ ಮೂರನೆಯದು ನಡೆಯುತ್ತಿದೆ. ಇವರು ದೀಕ್ಷೆ ಪಡೆದ ಪಾದ್ರಿಯಲ್ಲ; ಪಾದ್ರಿ ಅಯ್ಯನವರು ದ್ವೀಪ ದ್ವೀಪ ಸುತ್ತುವವರಾದ್ದರಿಂದ ಅವರಿಲ್ಲದ ಭಾನುವಾರಗಳಲ್ಲಿ ಪ್ರಸಂಗ, ಅಂದರೆ ಚರ್ಚಿನ ಉಪದೇಶ, ಮಾಡುವವರು. ಆದರೂ ಎಲ್ಲರಿಗೂ 'ಪಾಸ್ಟರ್ ಅಂಕಲ್'. ನಾನು 'ಟೀಚರ್'.

ಮಿಷನರಿ ಅಂದರೆ ಇಡೀ ದಿನ ಬೈಬಲ್ ಹಿಡಿದು ಮನೆಮನೆಗೆ ಹೋಗುವವರು ಅಂತ ನಮ್ಮ ಮೊಮ್ಮಕ್ಕಳ ಎಣಿಕೆ. ನಮ್ಮ ದಿನ ಮುಕ್ಕಾಲು ಪಾಲು ಹೋಗುವುದು ನೀರು, ಒಗೆದ ಬಟ್ಟೆ ಮತ್ತು ಹಡಗಿನ ಸುದ್ದಿಯಲ್ಲಿ. ಗಡಿಯಾರ ಇಡೀ ದೇಶದ್ದೇ, ಸೂರ್ಯ ಮಾತ್ರ ಇಲ್ಲಿಯವನು. ಜೂನ್‌ನಲ್ಲಿ ಐದು ಗಂಟೆಗೆಲ್ಲ ಮೇಲೆ ಬಂದಿರುತ್ತಾನೆ, ಡಿಸೆಂಬರ್‌ನಲ್ಲಿ ಸಂಜೆ ಐದಕ್ಕೇ ಮುಳುಗಿಬಿಡುತ್ತಾನೆ. ಮೊದಲ ವರ್ಷ ನನಗೆ ಹೊತ್ತೇ ತಿಳಿಯುತ್ತಿರಲಿಲ್ಲ. ಏಳು ಗಂಟೆಗೆ ನಡುರಾತ್ರಿಯಾದಂತೆ ಅನಿಸಿ ಮಲಗಿ, ಮೂರಕ್ಕೆ ಎದ್ದು ಕೂರುತ್ತಿದ್ದೆ. ಬೆಳಿಗ್ಗೆ ಚಪ್ಪಲಿ ಕೊಡವಿಯೇ ಕಾಲು ಹಾಕುವುದು, ಒಳಗೆ ಜರಿ ಇರಬಹುದು. ಗೇಣುದ್ದದ ಜರಿ, ಕಚ್ಚಿದರೆ ಎರಡು ದಿನ ನಿದ್ದೆಯಿಲ್ಲ. ಹತ್ತು ಗಂಟೆಯ ಹೊತ್ತಿಗೆ ಯಾರಾದರೂ ಕಾಗದ ಹಿಡಿದು ಬರುತ್ತಾರೆ: ಪಿಂಚಣಿ, ಆಧಾರ್, ಮಗಳ ಹಾಸ್ಟೆಲ್ ಅರ್ಜಿ. ಇವರು ತುಂಬಿಸಿಕೊಡುತ್ತಾರೆ. ನಾನು ಬಿಪಿ ನೋಡುತ್ತೇನೆ, ಸಂಜೆ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಸೇವೆ ಅಂದರೆ ಇಷ್ಟೇ.

ಕನ್ನಡಕ ಹೋದ ಮೇಲೆ ಇಷ್ಟೂ ನಿಂತಿತು. ಇವರದು ಮಾಮೂಲಿಯಲ್ಲದ, ಸಿಲಿಂಡರ್ ಇರುವ ನಂಬರು, ಪೋರ್ಟ್ ಬ್ಲೇರ್‌ನಿಂದಲೇ ಬರಬೇಕು. 2024ರಲ್ಲಿ ಅದಕ್ಕೆ ಶ್ರೀ ವಿಜಯಪುರಂ ಎಂದು ಹೆಸರಾಗಿದೆ, ನಮ್ಮ ಬಾಯಿಗೆ ಮಾತ್ರ ಹಳೆಯದೇ ಬರುತ್ತದೆ. ಫೋನಿನಲ್ಲಿ ಚೀಟಿಯ ಫೋಟೋ ಕಳುಹಿಸಿದೆ. ಗಾಜು ಶನಿವಾರಕ್ಕೆ ತಯಾರು, ಆದರೆ ಹಡಗು? ಆ ವಾರ ಸಮುದ್ರ ಎದ್ದು ನಿಂತಿತ್ತು. ಶುಕ್ರವಾರದ ಹಡಗು ಕ್ಯಾನ್ಸಲ್, ಶನಿವಾರದ್ದೂ ಕ್ಯಾನ್ಸಲ್. ಅಂಗಡಿಯಲ್ಲಿ ಈರುಳ್ಳಿ ಮುಗಿಯಿತು. ನನ್ನ ಕನ್ನಡಕ ಹಾಕಿ ನೋಡಿದರು. "ನೀನು ಇಬ್ಬರಿದ್ದೀ" ಅಂದರು. ಒಬ್ಬಳನ್ನೇ ಸುಧಾರಿಸಲು ಆಗದವರು!

ಶುಕ್ರವಾರ ಸಂಜೆ ಕ್ಯಾಪ್ಟನ್ ಬಂದರು. ನಿಕೋಬಾರಿಗಳಲ್ಲಿ ಊರಿನ ಮುಖ್ಯಸ್ಥನಿಗೆ ಕ್ಯಾಪ್ಟನ್ ಎಂದೇ ಹೆಸರು. ಫಸ್ಟ್ ಕ್ಯಾಪ್ಟನ್, ಸೆಕೆಂಡ್ ಕ್ಯಾಪ್ಟನ್ ಹೀಗೆ. ಈ ಕ್ಯಾಪ್ಟನ್‌ರ ಹಿರಿಯರು 1973ರಲ್ಲಿ ಕಾರ್ ನಿಕೋಬಾರಿನಿಂದ ಬಂದು ಇಲ್ಲಿ ನೆಲೆಸಿದವರು. ಮಾತು ಬಹಳ ಕಡಿಮೆ. ಒಂದು ಗೊನೆ ಬಾಳೆ, ನಾಲ್ಕು ತೆಂಗಿನಕಾಯಿ ಜಗಲಿಯ ಮೇಲಿಟ್ಟು, "ಸುವ್ವರ್ ಹಮಾರಾ ಹೈ" ಅಂದರು. ಹಂದಿ ನಮ್ಮದು. ಅಷ್ಟೇ ಹೇಳಿ ಹೊರಟವರು ತಿರುಗಿ, "ಸಂಡೇ?" ಎಂದು ಕೇಳಿದರು.

ಅದೇ ನಮ್ಮ ತಲೆನೋವೂ ಆಗಿತ್ತು. ಪ್ರಸಂಗ ಬುಧವಾರವೇ ಬರೆದಾಗಿತ್ತು, ಹದಿಮೂರು ಪುಟ. ಆದರೆ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟು ಓದಿಸುವಂತಿಲ್ಲ. ಹಿಂದಿಯ ಪ್ರಸಂಗವನ್ನು ಇವರು ಬರೆಯುವುದು ಕನ್ನಡ ಅಕ್ಷರದಲ್ಲಿ! ದೇವನಾಗರಿ ಓದಲು ಬರುತ್ತದೆ, ಒಂದೊಂದೇ ಅಕ್ಷರ ಕೂಡಿಸಿಕೊಂಡು. ಅಷ್ಟರಲ್ಲಿ ಸಭೆ ನಿದ್ದೆ ಹೋಗಿರುತ್ತದೆ. ಹಿಂದಿಯ ಲಿಂಗದ ಕಾಟ ಬೇರೆ. ಜಹಾಜ್ ಗಂಡು, ನಾವ್ ಹೆಣ್ಣು. ಹಡಗು ಗಂಡಾಗುವುದು ಯಾಕೆ, ದೋಣಿ ಹೆಣ್ಣಾಗುವುದು ಯಾಕೆ ಅಂತ ಇವತ್ತಿಗೂ ನನಗೆ ಅರ್ಥವಾಗಿಲ್ಲ. ಅದಕ್ಕೆ ಇವರು 'ಕಾ', 'ಕೀ', 'ಥಾ', 'ಥೀ' ಎಲ್ಲಕ್ಕೂ ಕೆಂಪು ಶಾಯಿಯಲ್ಲಿ ಸುತ್ತು ಹಾಕಿಡುತ್ತಾರೆ. ಬ್ಯಾಂಕಿನ ಬುದ್ಧಿ.

ಒಮ್ಮೆ ಈ ಕಾಗದ ನೋಡಿದ ಕ್ಯಾಪ್ಟನ್‌ಗೆ ಏನೂ ವಿಚಿತ್ರ ಅನಿಸಿರಲಿಲ್ಲ. ಅವರ ಭಾಷೆಯನ್ನು ಬರೆಯುವುದೇ ರೋಮನ್ ಅಕ್ಷರದಲ್ಲಿ. ಬೈಬಲಿನ ಹೊಸ ಒಡಂಬಡಿಕೆಯನ್ನು ನಿಕೋಬಾರಿ ಭಾಷೆಗೆ ತಂದ ಬಿಷಪ್ ಜಾನ್ ರಿಚರ್ಡ್‌ಸನ್ ಅವರದೇ ಮಣ್ಣಿನವರು; 1952ರಲ್ಲಿ ಈ ದ್ವೀಪಗಳ ಪರವಾಗಿ ಮೊದಲ ಲೋಕಸಭೆಗೆ ನಾಮನಿರ್ದೇಶನಗೊಂಡವರೂ ಅವರೇ. ಮಾತು ಯಾವುದಾದರೇನು, ಕೈಗೆ ಸಿಕ್ಕಿದ ಅಕ್ಷರ ತೊಡಿಸಿದರಾಯಿತು ಅನ್ನುವುದು ಇಲ್ಲಿಯವರಿಗೆ ಹೊಸದಲ್ಲ.

"ನಾನು ಓದಿಕೊಡ್ತೇನೆ" ಅಂದೆ. ಬೇಡವಂತೆ. ಕಾಗದವಿಲ್ಲದೆಯೇ ಮಾತಾಡುತ್ತಾರಂತೆ. ಶನಿವಾರ ಇಡೀ ದಿನ ಅಂಗಳದಲ್ಲಿ ಅತ್ತಿಂದಿತ್ತ ಗೊಣಗುತ್ತಾ ನಡೆದರು. ಮಧ್ಯೆ ಮಳೆ ಬಂದರೆ ಜಗಲಿಯಲ್ಲಿ ನಿಂತು ಗೊಣಗಿದರು. ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಎದುರಿನವರ ಬಾಯಿ ಅಲ್ಲಾಡುವುದು ಕಾಣುತ್ತದೆ ಹೊರತು ಮಾತು ಕೇಳುವುದಿಲ್ಲ.

ಭಾನುವಾರ ಚರ್ಚಿನಲ್ಲಿ ಎಂದಿನಂತೆ ಎಲ್ಲ ಬಗೆಯವರು. ನಿಕೋಬಾರಿಗಳು, ತಮಿಳರು, ತೆಲುಗರು, ಇಲ್ಲಿ 'ರಾಂಚಿ' ಎಂದು ಕರೆಸಿಕೊಳ್ಳುವ ಛೋಟಾನಾಗಪುರದ ಆದಿವಾಸಿಗಳು. ಅವರ ಅಜ್ಜಂದಿರನ್ನು 1918ರಿಂದಾಚೆಗೆ ಅಂಡಮಾನಿನ ಕಾಡು ಕಡಿಯಲು ಕರೆತಂದರು. ನಿಕೋಬಾರಿಯೂ ಈ ರಾಂಚಿಗಳಲ್ಲಿ ಕೆಲವರ ಮಾತಾದ ಮುಂಡಾರಿಯೂ ಒಂದೇ ಭಾಷಾ ಕುಟುಂಬಕ್ಕೆ ಸೇರಿದವಂತೆ, ಆದರೂ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಇಬ್ಬರೂ ಹಿಂದಿಯಲ್ಲೇ ಮಾತಾಡುವುದು. ನಿಕೋಬಾರಿ ಹುಡುಗಿಯರು ನಾಲ್ಕು ಸ್ವರದಲ್ಲಿ ಹಾಡಿದರು. ಅವರ ಹಾಡು ಕೇಳಿದ ಮೇಲೆ ಯಾರ ಪ್ರಸಂಗವೂ ಸಪ್ಪೆಯೇ, ಇದನ್ನು ಇವರಿಗೂ ಹೇಳಿದ್ದೇನೆ.

ಆ ದಿನದ ಪಾಠ ಬೈಬಲಿನ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ ಕೊನೆಯ ಎರಡು ಅಧ್ಯಾಯ: ಕೈದಿಯಾಗಿ ರೋಮಿಗೆ ಹೊರಟ ಪೌಲನ ಹಡಗು ಬಿರುಗಾಳಿಗೆ ಸಿಕ್ಕಿ ಒಡೆದು, 276 ಮಂದಿ ಮೆಲೀತೆ ಎಂಬ ದ್ವೀಪ ಸೇರುವುದು. ಈಗಿನ ಮಾಲ್ಟಾ ಅದು. ಇವರು ಚೆನ್ನಾಗಿಯೇ ಸುರುಮಾಡಿದರು. ಹಡಗಿನ ವಿಷಯ ಅಂದರೆ ಇಲ್ಲಿ ಯಾರೂ ತೂಕಡಿಸುವುದಿಲ್ಲ. ಆದರೆ ಹದಿನಾಲ್ಕು ದಿನದ ಬಿರುಗಾಳಿಯಲ್ಲಿ ಇವರೇ ಸಿಕ್ಕಿಹಾಕಿಕೊಂಡರು. "ಚೌದಹ್ ದಿನ್..." ಅಂದರು. ಮತ್ತೊಮ್ಮೆ "ಚೌದಹ್ ದಿನ್". ಅಭ್ಯಾಸಬಲದಿಂದ ಕಿಸೆ ಮುಟ್ಟಿ ಕನ್ನಡಕ ಹುಡುಕಿದರು. ಆಮೇಲೆ ನಾನು ಕೂತ ಕಡೆಗೆ, ಅಂದಾಜಿನ ಮೇಲೆ, ನೋಡಿದರು.

ಎದ್ದು ಹೋದೆ. ಅವರ ಬೈಬಲಿನಲ್ಲಿ ಮಡಚಿಟ್ಟಿದ್ದ ಪುಟಗಳನ್ನು ತೆಗೆದು ಬಿರುಗಾಳಿಯ ಜಾಗ ಹುಡುಕಿ ಓದತೊಡಗಿದೆ. ಮೂವತ್ತೊಂದು ವರ್ಷ ತರಗತಿಯಲ್ಲಿ ನಿಂತವಳಿಗೆ ಮೊಣಕಾಲು ನಡುಗಿತು. ಎರಡನೇ ಸಾಲಿನಲ್ಲೇ ಎಡವಟ್ಟು. ಇವರು ಬರೆದದ್ದು ಗಂಡಸಿನ ಮಾತು: "ಮೈ ಪಹಲೀ ಬಾರ್ ಜಹಾಜ್ ಪರ್ ಆಯಾ ಥಾ". ಹಾಗೆಯೇ ಓದಿಬಿಟ್ಟೆ. ಮುಂದಿನ ಬೆಂಚಿನ ಮಕ್ಕಳು ಬಾಯಿಗೆ ಕೈ ಇಟ್ಟುಕೊಂಡು ನಕ್ಕವು. ಇಲ್ಲಿಯ ಹಿಂದಿ ಲಿಂಗದ ಗೊಡವೆಗೆ ಅಷ್ಟೇನೂ ಹೋಗುವುದಲ್ಲ, ಆದರೂ ಟೀಚರ್ ಗಂಡಸಾದದ್ದು ಅವಕ್ಕೂ ಹೆಚ್ಚಾಯಿತು. ಆಮೇಲೆ ಕೆಂಪು ಸುತ್ತು ಕಂಡಲ್ಲೆಲ್ಲ 'ಆಯಾ'ವನ್ನು 'ಆಯೀ' ಮಾಡಿ, 'ಥಾ'ವನ್ನು 'ಥೀ' ಮಾಡಿ ಮುಂದೆ ಹೋದೆ. ಪೌಲನ ಕೈಗೆ ಹಾವು ಸುತ್ತಿಕೊಂಡಾಗ ಒಬ್ಬ ಹುಡುಗ ಎದ್ದು, "ಕಂಖಜೂರಾ ಥಾ ಕ್ಯಾ?" ಎಂದು ಕೇಳಿದ. ಜರಿಯಾ ಅಂತ. ಅಲ್ಲ, ಹಾವು ಅಂದೆ. ಅವನಿಗೆ ಸ್ವಲ್ಪ ಬೇಸರವಾಯಿತು.

ಕ್ಯಾಪ್ಟನ್ ಗಡಿಯಾರ ನೋಡಿಕೊಂಡರು. ಪ್ರತಿ ಭಾನುವಾರ ನೋಡಿಕೊಳ್ಳುತ್ತಾರೆ. ನಾನೂ ನೋಡಿದೆ. ಉಳಿದ ಪುಟಗಳಲ್ಲಿ ಕೃಪೆಯ ಬಗ್ಗೆ ದೊಡ್ಡ ವಿವರಣೆ ಇತ್ತು, ನಾಲ್ಕು ಪುಟ. ನಾಲ್ಕನ್ನೂ ಒಟ್ಟಿಗೆ ಮಗುಚಿ ಹನ್ನೆರಡನೆಯದಕ್ಕೆ ಬಂದೆ. ದ್ವೀಪದವರು ಮಳೆಗೂ ಚಳಿಗೂ ಬೆಂಕಿ ಹಾಕಿ ಎಲ್ಲರನ್ನೂ ಸೇರಿಸಿಕೊಂಡ ಮಾತು. ಅದರ ಕೆಳಗೆ ಇವರು ಬರೆದಿದ್ದರು: "ಮೇರೀ ಪತ್ನೀ ಛಹ್ ಮಹೀನೇ ರೋತೀ ಥೀ." ನನ್ನ ಹೆಂಡತಿ ಆರು ತಿಂಗಳು ಅಳುತ್ತಿದ್ದಳು.

ನಾನು ಅಳುತ್ತಿದ್ದದ್ದು ಬಚ್ಚಲಿನಲ್ಲಿ, ಮಳೆ ಜೋರಾಗಿ ಬೀಳುವಾಗ. ಯಾರಿಗೂ ತಿಳಿದಿಲ್ಲ ಅಂದುಕೊಂಡಿದ್ದೆ.

ಕಣ್ಣು ಆ ಸಾಲಿನ ಮೇಲೇ ನಿಂತಿತು. 'ಥೀ'ಯ ಸುತ್ತ ಕೆಂಪು ಶಾಯಿ. ಅಷ್ಟು ಹೊತ್ತು ಒಂದೊಂದು ಕ್ರಿಯಾಪದವನ್ನೂ ತಿದ್ದುತ್ತಾ ಬಂದವಳಿಗೆ ಇಲ್ಲಿ ತಿದ್ದಲು ಏನೂ ಇರಲಿಲ್ಲ. 'ಮೇರೀ ಪತ್ನೀ' ಬಿಟ್ಟೆ, ಅಲ್ಲಿ 'ಮೈ' ಇಟ್ಟೆ. "ಮೈ ಛಹ್ ಮಹೀನೇ ರೋತೀ ಥೀ." ಉಳಿದದ್ದನ್ನೂ ಓದಿದೆ: ಜ್ವರ ಬಂದಾಗ ಸರದಿಯ ಮೇಲೆ ಗಂಜಿ ತಂದವರು, ನಮ್ಮ ಮಾಡಿನ ತಗಡು ಹಾರಿದ ರಾತ್ರಿ ಹಗ್ಗ ಹಿಡಿದು ಬಂದವರು. ಈ ಜನ 2004ರ ಡಿಸೆಂಬರ್ 26ರ ಬೆಳಿಗ್ಗೆ ಸುನಾಮಿಯಲ್ಲಿ ಮನೆ ಕಳೆದುಕೊಂಡು ವರ್ಷಗಟ್ಟಲೆ ತಗಡಿನ ಶೆಲ್ಟರ್‌ಗಳಲ್ಲಿ ಇದ್ದವರು. ಒಂದು ತಗಡು ಹಾರಿದ್ದಕ್ಕೆ ನಾನು ಮಾಡಿದ ರಂಪಾಟ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಎರಡನೇ ಸಾಲಿನ ಮುದುಕಿಯೊಬ್ಬರು ತಲೆಯಾಡಿಸಿದರು. ಅವರು ಗಂಜಿ ತಂದವರಲ್ಲಿ ಒಬ್ಬರು.

ಮುಗಿದಾಗ ಇಪ್ಪತ್ತೆರಡು ನಿಮಿಷವಾಗಿತ್ತು.

ಮನೆಗೆ ಬರುವಾಗ ಕೆಸರಿನ ದಾರಿಯಲ್ಲಿ ಇವರ ಕೈ ಹಿಡಿದು ನಡೆಸುತ್ತಿದ್ದೆ. "ನಾಲ್ಕು ಪುಟ ಹಾರಿಸಿದೆ" ಅಂದರು.

"ಕಣ್ಣು ಕಾಣದಿದ್ರೂ ಲೆಕ್ಕ ಗೊತ್ತಾಗ್ತದಾ?"

"ಕೃಪೆಯೇ ಬರಲಿಲ್ಲವಲ್ಲ."

ಸ್ವಲ್ಪ ದೂರ ಸುಮ್ಮನೆ ನಡೆದೆವು. ಕೇಳಬಾರದು ಅಂದುಕೊಂಡೇ ಕೇಳಿದೆ, "ಬಚ್ಚಲಲ್ಲಿ ಅಳುವುದು ನಿಮಗೆ ಕೇಳ್ತಿತ್ತಾ? ಅಷ್ಟು ಮಳೆಯಲ್ಲಿ?"

"ಮಳೆ ನಡುನಡುವೆ ನಿಲ್ತದಲ್ಲ ಮಾರಾಯ್ತಿ" ಅಂದರು.

ಬುಧವಾರ ಹಡಗು ಬಂತು. ಈರುಳ್ಳಿ, ಕೋಳಿ ಆಹಾರ, ಮೂರು ದಿನದ ಪೇಪರುಗಳ ಜೊತೆ ಕನ್ನಡಕದ ಸಣ್ಣ ಪೊಟ್ಟಣವೂ ಇಳಿಯಿತು. ಇವರು ಹಾಕಿಕೊಂಡು ಮೊದಲು ನೋಡಿದ್ದು ಪೈಪಿನ ಬಾಯಿಯನ್ನು. ಏಣಿಯನ್ನು ನಾನು ಆಗಲೇ ಬೀಗ ಹಾಕಿದ ಕೋಣೆಗೆ ಸೇರಿಸಿದ್ದೆ.

ಮುಂದಿನ ಭಾನುವಾರ ಪ್ರಸಂಗ ಇವರೇ ಓದಿದರು. ಬಿಟ್ಟುಹೋದ ಕೃಪೆಯೂ ಸೇರಿಕೊಂಡು ನಲವತ್ತೆಂಟು ನಿಮಿಷ. ಆರಾಧನೆ ಬಿಟ್ಟ ಮೇಲೆ ಬಾಗಿಲಲ್ಲಿ ಎಲ್ಲರ ಕೈ ಕುಲುಕುತ್ತಿದ್ದಾಗ ಕ್ಯಾಪ್ಟನ್ ನನ್ನ ಪಕ್ಕಕ್ಕೆ ಬಂದು ನಿಂತರು. ಇವರ ಹೊಸ ಕನ್ನಡಕವನ್ನು ದೂರದಿಂದಲೇ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು:

"ಹಂದಿಯನ್ನು ಕಟ್ಟಿಹಾಕಿದ್ದೇವೆ ಟೀಚರ್. ಬಿಡಬೇಕು ಅಂತಿದ್ರೆ ಹೇಳಿ."