ಅಷ್ಟು ಓದಿದವರು ಇದ್ದೂ ಘಾನಾ ಯಾಕೆ ಕುಸಿಯಿತು ಅಂತ ಕೇಳುವವರಿಗೆ

"ಘಾನಾದಲ್ಲಿ ಒಬ್ಬ ಬ್ಯಾಂಕಿನವನು ಹಣಕಾಸು ಮಂತ್ರಿ ಆಗಿದ್ದನಂತಲ್ಲ, ಆಕ್ಸ್‌ಫರ್ಡಿನಲ್ಲಿ ಓದಿದವನು. ಅಂಥವನು ಇದ್ದೂ ದೇಶ ಯಾಕೆ ದಿವಾಳಿಯಾಯ್ತು?"

ಇದನ್ನು ಎಷ್ಟು ಜನ ಕೇಳಿದ್ದಾರೋ ಲೆಕ್ಕ ಇಟ್ಟಿಲ್ಲ. ಘಾನಾದ ರಾಜಧಾನಿ ಅಕ್ರಾದಲ್ಲಿ ಏಳು ವರ್ಷ ಲೆಕ್ಕಪತ್ರ ನೋಡಿಕೊಂಡು 2023 ರ ಕೊನೆಗೆ ಊರಿಗೆ ಬಂದವನು ನಾನು. ಬಂದಾಗಿನಿಂದ ಇದೇ ಪ್ರಶ್ನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲು ಪ್ರಶ್ನೆಯಲ್ಲಿರುವ ತಪ್ಪು. ನೀವು ಕೇಳುತ್ತಿರುವವರ ಹೆಸರು ಮಹಮುದು ಬವುಮಿಯಾ. ಅವರು ಯಾವತ್ತೂ ಹಣಕಾಸು ಮಂತ್ರಿ ಆಗಿರಲಿಲ್ಲ. 2017 ರ ಜನವರಿಯಿಂದ 2025 ರ ಜನವರಿವರೆಗೆ ಉಪಾಧ್ಯಕ್ಷರಾಗಿದ್ದರು. ಆ ಅವಧಿಯ ಬಹುಪಾಲು ಹಣಕಾಸು ಮಂತ್ರಿ ಆಗಿದ್ದವರು ಕೆನ್ ಒಫೊರಿ-ಅಟ್ಟಾ. ಅವರದ್ದೂ ಹಣಕಾಸಿನ ಹಿನ್ನೆಲೆಯೇ, ಡೇಟಾಬ್ಯಾಂಕ್ ಎಂಬ ಹೂಡಿಕೆ ಸಂಸ್ಥೆ ಕಟ್ಟಿದವರಲ್ಲಿ ಒಬ್ಬರು, ಅಧ್ಯಕ್ಷ ನಾನಾ ಅಕುಫೊ-ಅಡೊ ಅವರ ಸಂಬಂಧಿ ಕೂಡ. ನೀವು ಇಬ್ಬರನ್ನೂ ಸೇರಿಸಿ ಒಬ್ಬರನ್ನು ಮಾಡಿಕೊಂಡಿದ್ದೀರಿ.

ಎರಡನೆಯದು ನನಗೆ ನಿಜಕ್ಕೂ ಸಿಟ್ಟು ಬರುವ ವಿಷಯ. ಅದು ಆ "ಅವನು". ನಮ್ಮೂರಿನ ಬ್ಯಾಂಕಿನ ಕ್ಯಾಷಿಯರಿಗೂ "ಅವರು" ಅನ್ನುವ ಬಾಯಿ, ಮೂರು ಕೋಟಿಗೂ ಜಾಸ್ತಿ ಜನರ ದೇಶದ ಉಪಾಧ್ಯಕ್ಷರಿಗೆ "ಅವನು" ಅನ್ನುತ್ತದೆ. ಬೈಯಬೇಕು ಅಂತ ಯಾರೂ ಹಾಗೆ ಹೇಳುವುದಿಲ್ಲ, ಗೊತ್ತು. ಆಫ್ರಿಕಾ ಅಂದ ಕೂಡಲೇ ಏಕವಚನ ತಾನಾಗಿ ಬಂದುಬಿಡುತ್ತದೆ. ಅದರ ಹಿಂದೆಯೇ "ಅಲ್ಲೆಲ್ಲ ಇದು ಮಾಮೂಲಿ ಅಲ್ವಾ" ಅನ್ನುವ ಮಾತೂ ಬರುತ್ತದೆ. ಮಾಮೂಲಿ ಅಲ್ಲ ಸ್ವಾಮಿ. 1991 ರಲ್ಲಿ ನಾವೂ ಚಿನ್ನವನ್ನು ಹೊರದೇಶದಲ್ಲಿ ಅಡ ಇಟ್ಟು ಡಾಲರ್ ತಂದವರೇ. ಆಗ ಯಾರಾದರೂ "ಇಂಡಿಯಾದಲ್ಲಿ ಇದೆಲ್ಲ ಮಾಮೂಲಿ" ಅಂದಿದ್ದರೆ ನಮಗೆ ಹೇಗಾಗುತ್ತಿತ್ತು?

ಈ ಪ್ರಶ್ನೆ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕೆಣಕಿದ್ದು 2024 ರ ಡಿಸೆಂಬರ್ 8 ರಂದು, ತಿಪಟೂರಿನಲ್ಲಿ, ಒಂದು ಮದುವೆ ಊಟದಲ್ಲಿ. ಹಿಂದಿನ ದಿನ ಘಾನಾದಲ್ಲಿ ಚುನಾವಣೆ ನಡೆದಿತ್ತು. ಬವುಮಿಯಾ ಅಧ್ಯಕ್ಷ ಸ್ಥಾನದ ಅಭ್ಯರ್ಥಿ. ನಾನು ಎಲೆ ಮುಂದೆ ಕೂತು ಎಡಗೈಯಲ್ಲಿ ಫೋನ್ ನೋಡುತ್ತಿದ್ದೆ. ಪಕ್ಕದಲ್ಲಿ ದೊಡ್ಡಪ್ಪ. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ದುಡಿದು ಮ್ಯಾನೇಜರ್ ಆಗಿ ನಿವೃತ್ತರಾದವರು. ಏನು ನೋಡ್ತಿದ್ದೀಯ ಅಂದರು, ಹೇಳಿದೆ. ಕೂಡಲೇ ಆ ಪ್ರಶ್ನೆ ಬಂತು. ಜೊತೆಗೆ ಅವರದ್ದೇ ಉತ್ತರವೂ ಬಂತು: "ಓದು ಬೇರೆ, ಬ್ಯಾಂಕ್ ನಡೆಸೋದು ಬೇರೆ. ಅವನು ಕೌಂಟರಲ್ಲಿ ಕೂತಿದ್ನಾ?"

ಆಗ ನಾನು ಸರಿಯಾಗಿ ಏನೂ ಹೇಳಲಿಲ್ಲ. ಈಗ ಹೇಳುತ್ತೇನೆ.

ಬವುಮಿಯಾ ಹುಟ್ಟಿದ್ದು 1963 ರಲ್ಲಿ, ಉತ್ತರದ ತಮಾಲೆಯಲ್ಲಿ. ಘಾನಾದಲ್ಲಿ ಉತ್ತರ ಅಂದರೆ ಒಣ ಸೀಮೆ, ಬಡತನ ಜಾಸ್ತಿ, ಮುಸ್ಲಿಮರೂ ಜಾಸ್ತಿ. ಅಧಿಕಾರ, ಬಂದರು, ಕೋಕೋ ಹಣ ಎಲ್ಲ ದಕ್ಷಿಣದಲ್ಲಿ. ತಂದೆ ಮುಮುನಿ ಬವುಮಿಯಾ ಶಿಕ್ಷಕರಾಗಿದ್ದು ರಾಜಕಾರಣಕ್ಕೆ ಬಂದವರು. ಮಗ ಬ್ರಿಟನ್ನಿಗೆ ಹೋಗಿ ಬ್ಯಾಂಕಿಂಗ್ ಓದಿದರು, ಬಕಿಂಗ್‌ಹ್ಯಾಮ್‌ನಲ್ಲಿ ಅರ್ಥಶಾಸ್ತ್ರ, ಆಕ್ಸ್‌ಫರ್ಡಿನಲ್ಲಿ ಸ್ನಾತಕೋತ್ತರ ಪದವಿ, ಕೆನಡಾದ ಸೈಮನ್ ಫ್ರೇಸರ್‌ನಲ್ಲಿ ಪಿಎಚ್‌ಡಿ. ಆಮೇಲೆ ಅಮೆರಿಕದ ಟೆಕ್ಸಾಸಿನಲ್ಲಿ ಪಾಠ ಹೇಳಿದರು. 2000 ದಲ್ಲಿ ವಾಪಸ್ ಬಂದು ಬ್ಯಾಂಕ್ ಆಫ್ ಘಾನಾ ಸೇರಿದರು. ಅದು ಅವರ ರಿಸರ್ವ್ ಬ್ಯಾಂಕ್. 2006 ರಲ್ಲಿ ಅದರ ಡೆಪ್ಯುಟಿ ಗವರ್ನರ್.

ಕೌಂಟರಿನಲ್ಲಿ ಕೂತಿದ್ದರೋ ಇಲ್ಲವೋ, ದೊಡ್ಡಪ್ಪ, ಇದನ್ನು ಕೇಳಿ. 2007 ರ ಜುಲೈ 1 ರಂದು ಘಾನಾ ತನ್ನ ನೋಟಿನಿಂದ ನಾಲ್ಕು ಸೊನ್ನೆ ತೆಗೆಯಿತು. 10,000 ಹಳೇ ಸೆಡಿಗೆ ಒಂದು ಹೊಸ ಸೆಡಿ. ಅದಕ್ಕೆ ಮುಂಚೆ ಸ್ವಲ್ಪ ದೊಡ್ಡ ಸಾಮಾನು ತರಬೇಕಾದರೂ ಚೀಲದಲ್ಲಿ ನೋಟು ತುಂಬಿಕೊಂಡು ಹೋಗಬೇಕಿತ್ತು ಅಂತ ನಮ್ಮ ಆಫೀಸಿನ ಹಿರಿಯರು ಹೇಳುತ್ತಿದ್ದರು. "ಬೆಲೆ ಅದೇ" ಅಂತ ರೇಡಿಯೋದಲ್ಲಿ ಹೇಳಿ ಹೇಳಿ, ಓದು ಬರಹ ಬಾರದವರಿಗೂ ಅರ್ಥ ಮಾಡಿಸಿದರು. ಆ ಕೆಲಸ ಮಾಡಿದ ಬ್ಯಾಂಕಿನಲ್ಲಿ ಬವುಮಿಯಾ ಎರಡನೇ ಸಾಲಿನಲ್ಲಿದ್ದರು. ಒಂದಿಡೀ ದೇಶದ ನೋಟು ಬದಲಾಯಿಸುವುದು ಎಂಥ ಕೆಲಸ ಅಂತ ನಮಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

2008 ರಲ್ಲಿ ಅಕುಫೊ-ಅಡೊ ಅವರು ಇವರನ್ನು ಉಪಾಧ್ಯಕ್ಷ ಅಭ್ಯರ್ಥಿ ಮಾಡಿದರು. ದಕ್ಷಿಣದ ವಕೀಲರ ಜೊತೆ ಉತ್ತರದ ಅರ್ಥಶಾಸ್ತ್ರಜ್ಞ. ಎರಡನೇ ಸುತ್ತಿನಲ್ಲಿ ಅರ್ಧ ಪರ್ಸೆಂಟಿನಷ್ಟು ಅಂತರದಲ್ಲಿ ಸೋತರು. 2012 ರಲ್ಲೂ ಸೋತರು. ಆ ಫಲಿತಾಂಶ ಸುಪ್ರೀಂ ಕೋರ್ಟಿಗೆ ಹೋಯಿತು. ಇವರೇ ಮುಖ್ಯ ಸಾಕ್ಷಿ. ಮತಗಟ್ಟೆಯ ಲೆಕ್ಕದ ಹಾಳೆಗಳನ್ನು ಹಿಡಿದು ದಿನಗಟ್ಟಲೆ ಕಟಕಟೆಯಲ್ಲಿ ನಿಂತಿದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. ಕೇಸು ಬಿತ್ತು. ಹೆಸರು ಮಾತ್ರ ಮನೆಮನೆಗೆ ತಲುಪಿತು.

ಆಮೇಲೆ 2014 ರಲ್ಲಿ ಒಂದು ಉಪನ್ಯಾಸ. ಆಗ ಅವರು ವಿರೋಧ ಪಕ್ಷದಲ್ಲಿದ್ದರು, ಸೆಡಿ ಬೀಳುತ್ತಿತ್ತು. ಆರ್ಥಿಕತೆಯ ಬುಡ ಗಟ್ಟಿ ಇಲ್ಲದಿದ್ದರೆ ವಿನಿಮಯ ದರ ನಿಮ್ಮನ್ನು ಬಯಲು ಮಾಡುತ್ತದೆ ಅಂತ ಆಗಿನ ಸರ್ಕಾರಕ್ಕೆ ಹೇಳಿದರು. ನಾನು 2016 ರಲ್ಲಿ ಅಕ್ರಾಕ್ಕೆ ಹೋದಾಗ ಟ್ಯಾಕ್ಸಿಯವರು, ಟೊಮೆಟೊ ಮಾರುವವರು ಕೂಡ ಈ ಮಾತು ಆಡುತ್ತಿದ್ದರು. ಸೆಂಟ್ರಲ್ ಬ್ಯಾಂಕಿನ ಒಳಗಿನ ಭಾಷೆಯನ್ನು ಬೀದಿಗೆ ತಂದವರು ಇವರು. ಡಾಲರ್ ಎಷ್ಟಿದೆ ನೋಡಿ, ಅದರಿಂದ ಸರ್ಕಾರ ಹೇಗಿದೆ ಅಂತ ತಿಳಿದುಕೊಳ್ಳಿ ಅಂತ ಜನರಿಗೆ ಕಲಿಸಿದರು. ಜನ ಚೆನ್ನಾಗಿಯೇ ಕಲಿತರು.

2016 ರ ಡಿಸೆಂಬರಿನಲ್ಲಿ ಗೆದ್ದರು. ಆರ್ಥಿಕ ನಿರ್ವಹಣಾ ತಂಡಕ್ಕೆ ಇವರೇ ಮುಖ್ಯಸ್ಥರು. 2017 ರಲ್ಲಿ ಸೆಡಿ ಸ್ವಲ್ಪ ಚೇತರಿಸಿಕೊಂಡಾಗ, ಅದನ್ನು ಬಂಧಿಸಿ ಬೀಗದ ಕೈಯನ್ನು ಪೊಲೀಸ್ ಮುಖ್ಯಸ್ಥರಿಗೆ ಕೊಟ್ಟಿದ್ದೇವೆ ಎಂಬ ಅರ್ಥದ ಮಾತಾಡಿದರು. ಸಭೆಯಲ್ಲಿ ಎಲ್ಲರೂ ನಕ್ಕರು. ನನಗೆ ಅವರ ಬಗ್ಗೆ ಇರುವ ಒಂದೇ ದೊಡ್ಡ ದೂರು ಈ ಮಾತು. ಹಣದ ವಿಷಯ ಗೊತ್ತಿರುವವರು ಹಣದ ಬಗ್ಗೆ ಹಾಗೆ ಮಾತಾಡಬಾರದಿತ್ತು.

ಯಾಕೆಂದರೆ 2022 ಬಂತು. ಜನವರಿಯಲ್ಲಿ ಒಂದು ಡಾಲರಿಗೆ 6 ಸೆಡಿ ಆಸುಪಾಸು ಇತ್ತು. ಅಕ್ಟೋಬರ್ ಕೊನೆಗೆ ಬ್ಯಾಂಕಿನ ಹೊರಗಿನ ಪೇಟೆಯಲ್ಲಿ 14 ಕ್ಕೆ ಹೋಗಿತ್ತು. ನಾನಿದ್ದ ಅಂಗಡಿ ಟೈಲ್ಸ್, ಪೈಪು, ನಲ್ಲಿ ತರಿಸಿ ಮಾರುತ್ತಿತ್ತು. ಬೆಳಿಗ್ಗೆ ಒಂದು ದರಪಟ್ಟಿ ಅಚ್ಚು ಹಾಕಿ ಮಧ್ಯಾಹ್ನ ಇನ್ನೊಂದು ಹಾಕಿದ ದಿನಗಳಿವೆ. ಕೆಲವು ದಿನ ಮಾರುವುದೇ ಬೇಡ ಅನ್ನಿಸುತ್ತಿತ್ತು. ಇವತ್ತು ಮಾರಿದ ದುಡ್ಡಿಗೆ ನಾಳೆ ಅದೇ ಮಾಲು ತರಲು ಆಗುತ್ತಿರಲಿಲ್ಲ. ಆ ಅಕ್ಟೋಬರಿನಲ್ಲಿ ಅಕ್ರಾದ ವ್ಯಾಪಾರಿಗಳು ಸೆಡಿ ಬಿದ್ದದ್ದಕ್ಕೆ ಪ್ರತಿಭಟಿಸಿ ಅಂಗಡಿ ಮುಚ್ಚಿದರು. ಮಕೋಲಾ ಮಾರುಕಟ್ಟೆಯ ಗಲಾಟೆ ನೋಡಿದವರಿಗೆ ಮುಚ್ಚಿದ ಬಾಗಿಲುಗಳ ಸಾಲು ನೋಡಲು ಭಯವಾಗುತ್ತದೆ. ಡಿಸೆಂಬರಿನಲ್ಲಿ ಹಣದುಬ್ಬರ 54.1% ಮುಟ್ಟಿತು. ಅದೇ ತಿಂಗಳು ಸರ್ಕಾರ ಹೊರದೇಶದ ಬಹುಪಾಲು ಸಾಲದ ಕಂತು ನಿಲ್ಲಿಸಿತು.

ಕಾರಣ ಒಂದಲ್ಲ. ಮುಳುಗುತ್ತಿದ್ದ ಬ್ಯಾಂಕುಗಳನ್ನು 2017 ರಿಂದ 2019 ರವರೆಗೆ ಮುಚ್ಚಿ ಠೇವಣಿದಾರರಿಗೆ ದುಡ್ಡು ಕೊಟ್ಟ ಖರ್ಚು ಇತ್ತು. ಅದು ಆಗಲೇಬೇಕಿದ್ದ ಕೆಲಸ. ಕೋವಿಡ್ ಬಂತು, ಯುಕ್ರೇನ್ ಯುದ್ಧ ಬಂತು. ಆದರೆ ಇವೆಲ್ಲ ಬರುವ ಮೊದಲೇ ಹೊರದೇಶದ ಪೇಟೆಯಲ್ಲಿ ಡಾಲರ್ ಬಾಂಡ್ ಮಾರಿ ಸಾಲ ತರುವ ಚಟ ಬೆಳೆದಿತ್ತು. 2022 ರ ಶುರುವಿನಲ್ಲಿ ಆ ಬಾಗಿಲು ಮುಚ್ಚಿದಾಗ, ಸೆಂಟ್ರಲ್ ಬ್ಯಾಂಕೇ ಸರ್ಕಾರಕ್ಕೆ ದುಡ್ಡು ಕೊಟ್ಟಿತು. ಹಾಗೆ ಕೊಟ್ಟರೆ ಬೆಲೆ ಏರುತ್ತದೆ, ಸೆಡಿ ಬೀಳುತ್ತದೆ ಅಂತ ಬವುಮಿಯಾ ಅವರಿಗೆ ಗೊತ್ತಿರಲಿಲ್ಲವಾ? ಖಂಡಿತ ಗೊತ್ತಿತ್ತು. ಅವರು ಪುಸ್ತಕ ಬರೆದದ್ದೇ ಆ ವಿಷಯದ ಮೇಲೆ.

ಗೊತ್ತಿದ್ದೂ ಯಾಕೆ ತಡೆಯಲಿಲ್ಲ? ಇದಕ್ಕೆ 2024 ರ ಫೆಬ್ರವರಿಯಲ್ಲಿ ಅವರೇ ಉತ್ತರ ಕೊಟ್ಟರು: ಉಪಾಧ್ಯಕ್ಷ ಅಂದರೆ ಡ್ರೈವರಿನ ಮೇಟ್ ಇದ್ದ ಹಾಗೆ. ಘಾನಾದಲ್ಲಿ ಟ್ರೋಟ್ರೋ ಅನ್ನುವ ವ್ಯಾನುಗಳೇ ಜನರ ಬಸ್ಸು. ಅದರಲ್ಲಿ ಬಾಗಿಲ ಹತ್ತಿರ ನಿಂತು ಊರು ಕೂಗಿ ದುಡ್ಡು ತೆಗೆದುಕೊಳ್ಳುವವರು ಮೇಟ್. ನಮ್ಮ ಪ್ರೈವೇಟ್ ಬಸ್ಸಿನ ಕಂಡಕ್ಟರ್, ಕ್ಲೀನರ್ ಎರಡೂ ಒಬ್ಬರೇ. ಸ್ಟೀರಿಂಗ್ ಅವರ ಕೈಯಲ್ಲಿಲ್ಲ, ಇದು ನಿಜ. ಸಂವಿಧಾನದ ಪ್ರಕಾರವೂ ನಿಜ. ಆದರೆ ಎಂಟು ವರ್ಷ ಬಾಗಿಲಲ್ಲಿ ನಿಂತು "ಬನ್ನಿ, ಗಾಡಿ ಚೆನ್ನಾಗಿದೆ" ಅಂತ ಕೂಗಿದ ದನಿ ಅವರದ್ದೇ ಆಗಿತ್ತು. ಗಾಡಿ ಹಳ್ಳಕ್ಕೆ ಬಿದ್ದಾಗ ಜನ ಆ ದನಿಯನ್ನು ಗುರುತು ಹಿಡಿದರು. ಹತ್ತು ವರ್ಷದ ಹಿಂದೆ ಅವರೇ ಕಲಿಸಿದ ಅಳತೆಯಲ್ಲೇ ಅಳೆದರು. ನನ್ನ ಉತ್ತರ ಇಷ್ಟೇ. ಓದು ಸುಳ್ಳಾಗಲಿಲ್ಲ, ಓದಿದವರು ಓದಿದ್ದನ್ನು ಸಂಪುಟದ ಒಳಗೆ ಗಟ್ಟಿಯಾಗಿ ಹೇಳಿ ಗೆಲ್ಲಲಿಲ್ಲ.

ಆದರೆ ದೊಡ್ಡಪ್ಪ, ನೀವು ಕೇಳಬೇಕಾಗಿದ್ದ ಪ್ರಶ್ನೆ ಬೇರೆ ಇತ್ತು. ನಿಮ್ಮ ಜೀವನ ನಡೆಯುವುದು ಪಿಂಚಣಿ, ಎಫ್‌ಡಿ ಬಡ್ಡಿಯಿಂದ. "ಅಲ್ಲಿ ನಮ್ಮಂಥವರ ಗತಿ ಏನಾಯ್ತಪ್ಪ?" ಅಂತ ನೀವು ಕೇಳಬಹುದಿತ್ತು.

ಹೇಳುತ್ತೇನೆ. 2022 ರ ಡಿಸೆಂಬರಿನಲ್ಲಿ ಸರ್ಕಾರ ದೇಶದೊಳಗಿನ ಬಾಂಡುಗಳನ್ನೂ ಬದಲಿಸಲು ಹೊರಟಿತು. ಹಳೇ ಬಾಂಡ್ ಕೊಡಿ, ಹೊಸದು ತಗೊಳ್ಳಿ, ಬಡ್ಡಿ ಕಮ್ಮಿ, ಅವಧಿ ಜಾಸ್ತಿ. ಎಪ್ಪತ್ತು ದಾಟಿದವರಿಗೆ ಅವಧಿ ಜಾಸ್ತಿ ಅಂದರೆ ಏನರ್ಥ? ನಮ್ಮ ಮನೆ ಮಾಲೀಕರು ನಿವೃತ್ತ ಎಂಜಿನಿಯರ್. ಜೀವನದ ಉಳಿತಾಯ ಎಲ್ಲ ಸರ್ಕಾರಿ ಬಾಂಡಿನಲ್ಲಿತ್ತು, ಅದಕ್ಕಿಂತ ಭದ್ರ ಯಾವುದೂ ಇಲ್ಲ ಅಂತ ನಂಬಿದ್ದರು. ಆ ತಿಂಗಳು ಅವರು ಮೆಟ್ಟಿಲ ಮೇಲೆ ಸುಮ್ನೆ ಕೂತಿರುತ್ತಿದ್ದರು. 2023 ರ ಫೆಬ್ರವರಿಯಲ್ಲಿ ಅವರಂಥ ವಯಸ್ಸಾದವರು ಹಣಕಾಸು ಸಚಿವಾಲಯದ ಮುಂದೆ ಫಲಕ ಹಿಡಿದು ಕೂತರು. ಒಂದು ದಿನ ಮಾಜಿ ಮುಖ್ಯ ನ್ಯಾಯಮೂರ್ತಿ ಸೋಫಿಯಾ ಅಕುಫೊ ಕೂಡ ಬಂದು ಅವರ ಜೊತೆ ನಿಂತರು. ಕೊನೆಗೆ ಪಿಂಚಣಿದಾರರನ್ನು ಯೋಜನೆಯಿಂದ ಹೊರಗಿಟ್ಟರು. ಹಠ ಹಿಡಿದು ಕೂತದ್ದರಿಂದ ಸಿಕ್ಕಿದ ನ್ಯಾಯ ಅದು. ಈ ಕತೆಯನ್ನು ನನ್ನ ಹತ್ತಿರ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಇನ್ನೊಂದನ್ನೂ ಯಾರೂ ಕೇಳುವುದಿಲ್ಲ. ಬವುಮಿಯಾ ಒಳ್ಳೆಯದು ಏನು ಮಾಡಿದರು? ಬೆಳಿಗ್ಗೆ ನಾನು ವಾಚೆ ತಿನ್ನುತ್ತಿದ್ದ ಗಾಡಿಯಿತ್ತು. ಅಲಸಂದೆ ಹಾಕಿ ಬೇಯಿಸಿದ ಅನ್ನ, ಎಲೆಯಲ್ಲಿ ಕಟ್ಟಿ ಕೊಡುತ್ತಾರೆ. ಆ ಅಮ್ಮನಿಗೆ ನಾನು ಫೋನಿನಿಂದಲೇ ದುಡ್ಡು ಕಳಿಸುತ್ತಿದ್ದೆ. ನಮ್ಮಿಬ್ಬರದ್ದು ಬೇರೆ ಬೇರೆ ಕಂಪನಿಯ ಸಿಮ್. 2018 ರ ಮೇ ತಿಂಗಳಿಗೆ ಮುಂಚೆ ಅದು ಅಷ್ಟು ಸುಲಭ ಇರಲಿಲ್ಲ. ಎಲ್ಲ ಕಂಪನಿಗಳ ಮೊಬೈಲ್ ಹಣವನ್ನೂ ಒಂದಕ್ಕೊಂದು ಜೋಡಿಸುವ ಕೆಲಸವನ್ನು ಮುಂದೆ ನಿಂತು ಮಾಡಿಸಿದವರು ಬವುಮಿಯಾ. ಯುಪಿಐ ಬಗ್ಗೆ ಹೆಮ್ಮೆ ಪಡುವ ನಾವು ಇದನ್ನಾದರೂ ತಿಳಿದುಕೊಳ್ಳಬಹುದು. 2022 ರಲ್ಲಿ ಅವರ ಸರ್ಕಾರವೇ ಅದರ ಮೇಲೆ 1.5% ತೆರಿಗೆ ಹಾಕಿತು, ಆ ಅಮ್ಮ ಮತ್ತೆ ನೋಟು ಕೇಳಲು ಶುರು ಮಾಡಿದರು. ನನಗೆ ಆ ಸರ್ಕಾರದ ಮೇಲೆ ತುಂಬಾ ಬೇಜಾರಾಗಿದ್ದು ಅವತ್ತು.

ಮತ್ತೆ ತಿಪಟೂರಿಗೆ. ದೊಡ್ಡಪ್ಪ ಪ್ರಶ್ನೆ ಕೇಳಿ ಸ್ವಲ್ಪ ಹೊತ್ತಾಗಿತ್ತು. ಪಾಯಸ ಬಡಿಸುತ್ತಿದ್ದರು. ಫೋನಿನಲ್ಲಿ ಬವುಮಿಯಾ ಕಾಣಿಸಿಕೊಂಡರು. ಚುನಾವಣಾ ಆಯೋಗ ಇನ್ನೂ ಫಲಿತಾಂಶ ಘೋಷಿಸಿರಲಿಲ್ಲ. ತಮ್ಮ ಪಕ್ಷದವರು ಕಳಿಸಿದ ಲೆಕ್ಕ ನೋಡಿ, ಎದುರಾಳಿ ಜಾನ್ ಮಹಾಮಾ ಗೆದ್ದಿದ್ದಾರೆ, ಅವರಿಗೆ ಫೋನ್ ಮಾಡಿ ಅಭಿನಂದಿಸಿದ್ದೇನೆ ಅಂತ ಹೇಳಿದರು. ಊರೂರಲ್ಲಿ ಗಲಾಟೆ ಆಗಬಾರದು ಅಂತ ಕಾಯದೆ ಹೇಳಿದರು. ಹನ್ನೊಂದು ವರ್ಷದ ಹಿಂದೆ ಮತಗಟ್ಟೆಯ ಹಾಳೆ ಹಿಡಿದು ಕೋರ್ಟಿನಲ್ಲಿ ದಿನಗಟ್ಟಲೆ ವಾದಿಸಿದ ಅದೇ ಮನುಷ್ಯರು.

ನಾನು ಫೋನನ್ನು ದೊಡ್ಡಪ್ಪನ ಕಡೆ ತಿರುಗಿಸಿದೆ. ಅವರು ಕನ್ನಡಕ ಸರಿ ಮಾಡಿಕೊಂಡು ಎರಡು ನಿಮಿಷ ನೋಡಿದರು. ಇಂಗ್ಲಿಷ್ ಮಾತು, ಅವರಿಗೆ ಪೂರ್ತಿ ಅರ್ಥವಾಯಿತು.

"ಇನ್ನೂ ಅನೌನ್ಸ್ ಆಗಿಲ್ವಾ? ಆಗ್ಲೇ ಒಪ್ಕೊಂಡ್ರಾ ಇವರು?" ಅಂದರು.