ಮೊದಲು ಹೆಣ್ಣು ಮೀನನ್ನು ತಯಾರು ಮಾಡಿ

ಬೆಟ್ಟಾ, ಅಂದರೆ ಫೈಟರ್ ಮೀನಿನ ಮರಿ ಮಾಡಿಸಬೇಕು ಅಂತ ಕೇಳಿಕೊಂಡು ಬರುವ ಹುಡುಗರು ಮೊಬೈಲ್ ತೆಗೆದು ಮೊದಲು ತೋರಿಸುವುದು ಗಂಡು ಮೀನಿನ ಫೋಟೊ. ಬಾಲ ಎಷ್ಟು ಅಗಲ, ಬಣ್ಣ ಎಷ್ಟು ಕಡು, ಎಲ್ಲ ಹೇಳುತ್ತಾರೆ. ಹೆಣ್ಣು ಯಾವುದಪ್ಪಾ ಅಂತ ಕೇಳಿದರೆ, "ಯಾವುದರ ಒಂದು ತರ್ತೀನ್ರಿ ಅಕ್ಕಾರ, ಹೆಣ್ಣ ಇದ್ರ ಆತಲ್ರಿ" ಅನ್ನುತ್ತಾರೆ. ಕೆಲಸ ಕೆಡುವುದೇ ಅಲ್ಲಿ. ಗಂಡು ಬೆಟ್ಟಾ ಆರೋಗ್ಯವಾಗಿದ್ದರೆ ಹೆಚ್ಚುಕಡಿಮೆ ಯಾವಾಗಲೂ ತಯಾರಿರುತ್ತದೆ. ಕಾಯಬೇಕಾದದ್ದು ಹೆಣ್ಣಿಗೆ. ಜೋಡಿ ಯಾವತ್ತು ಬಿಡಬೇಕು ಅನ್ನುವುದು ಹೆಣ್ಣಿನ ಹೊಟ್ಟೆ, ಮೈಮೇಲಿನ ಪಟ್ಟೆ ನೋಡಿ ಗೊತ್ತಾಗಬೇಕೇ ಹೊರತು ನಮ್ಮ ರಜಾದಿನ ನೋಡಿ ಅಲ್ಲ.

ನಾನು ವಿಜಯಪುರದಲ್ಲಿ ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಮಷಿನ್ ಪಕ್ಕದ ಗೋಡೆಗೂಡಿನಲ್ಲಿ ಮೀನಿನ ಬಾಟಲಿಗಳಿವೆ. ಸದ್ಯ ತಯಾರಾಗುತ್ತಿರುವ ಜೋಡಿ ಸರದಾರ ಮತ್ತು ಮಲ್ಲಿ. ಸರದಾರ ಹಾಫ್‌ಮೂನ್ ಜಾತಿಯದು, ಕಡು ನೀಲಿ. ಹಾಫ್‌ಮೂನ್ ಅಂದರೆ ಬಾಲ ಬಿಚ್ಚಿದಾಗ ಪೂರ್ತಿ 180 ಡಿಗ್ರಿ ತೆರೆಯಬೇಕು. ಅಂಬ್ರೆಲಾ ಕಟ್ ಲಂಗದ ಅರ್ಧ ಘೇರು ಹಾಸಿದ ಹಾಗೆ, ಎರಡೂ ಅಂಚು ಒಂದೇ ಗೆರೆಗೆ ಬರಬೇಕು. ಮಲ್ಲಿ ಕೂಡ ಅದೇ ಜಾತಿ. ಮೈ ತಿಳಿ ನೀಲಿ, ರೆಕ್ಕೆ ಚಿಕ್ಕದು. ಅಂಗಡಿಯಲ್ಲಿ ಯಾರೂ ತಿರುಗಿ ನೋಡದ ಡಬ್ಬಿಯಲ್ಲಿತ್ತು.

ಹೆಣ್ಣು ಸಿಗುವುದೇ ಕಷ್ಟ. ನಮ್ಮ ಕಡೆ ಅಕ್ವೇರಿಯಂ ಅಂಗಡಿಯವರು ಗಂಡುಗಳನ್ನೇ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಇನ್ನು ಪ್ಲಾಕಟ್ ಅನ್ನುವ ಗಿಡ್ಡ ರೆಕ್ಕೆಯ ಗಂಡನ್ನೇ ಹೆಣ್ಣು ಅಂತ ಕೊಟ್ಟುಬಿಡುವುದೂ ಉಂಟು. ಕೊಳ್ಳುವಾಗ ಹೊಟ್ಟೆಯ ಕೆಳಗೆ, ಮುಂದಿನ ಉದ್ದ ಎಳೆ ರೆಕ್ಕೆಗಳ ಹಿಂದೆ, ಒಂದು ಸಣ್ಣ ಬಿಳಿ ಚುಕ್ಕೆ ಇದೆಯಾ ನೋಡಿ. ಮೊಟ್ಟೆ ಹೊರಗೆ ಬರುವ ಜಾಗ ಅದು. ಚಿಕ್ಕ ಗಂಡುಮರಿಗಳಲ್ಲೂ ಒಮ್ಮೊಮ್ಮೆ ಅಂಥ ಚುಕ್ಕೆ ಕಾಣುತ್ತದೆ. ಹಾಗಾಗಿ ಚುಕ್ಕೆ ಒಂದನ್ನೇ ನಂಬಬೇಡಿ, ಎದುರಿಗೆ ಇನ್ನೊಂದು ಮೀನಿನ ಡಬ್ಬಿ ಹಿಡಿದು ನೋಡಿ. ಗಂಡಾದರೆ ಕಿವಿರು ಬಿಚ್ಚಿದಾಗ ಕೆಳಗಿನ ಗಡ್ಡ ದೊಡ್ಡದಾಗಿ ಹೊರಗೆ ಬರುತ್ತದೆ. ವಯಸ್ಸು ನಾಲ್ಕೈದು ತಿಂಗಳಿಂದ ಒಂದು ವರ್ಷದೊಳಗೆ ಇರಲಿ. ಹೆಣ್ಣು ಗಂಡಿಗಿಂತ ಸ್ವಲ್ಪ ಚಿಕ್ಕದಿದ್ದರೆ ಒಳ್ಳೆಯದು, ಏಕೆಂದರೆ ಕೂಡುವಾಗ ಗಂಡು ಅದರ ಮೈ ಸುತ್ತಬೇಕು.

ತಂದ ಕೂಡಲೇ ಎರಡನ್ನೂ ಬೇರೆ ಬೇರೆ ಬಾಟಲಿಯಲ್ಲಿ ಎರಡು ವಾರ ಇಡುತ್ತೇನೆ. ರೋಗ ಇದ್ದರೆ ಅಷ್ಟರಲ್ಲಿ ಗೊತ್ತಾಗುತ್ತದೆ. ನಿಜವಾದ ತಯಾರಿ ನಡೆಯುವುದೂ ಆಗಲೇ. ನಮ್ಮ ಅತ್ತೆ ಇದನ್ನು ದಿನಾ ನೋಡಿ ಕೇಳಿದರು: "ಅಲ್ಲವಾ, ಎರಡನ್ನೂ ಒಂದ ಡಬ್ಬಿಗಿ ಹಾಕಿದ್ರ ಆತಲ್ಲ. ಇಷ್ಟ್ಯಾಕ ಒದ್ದಾಡ್ತಿ?"

"ಹಂಗ ಹಾಕಿದ್ರ ಗಂಡು ಇದರ ರೆಕ್ಕಿ ಹರದ ಹಾಕತೈತ್ರಿ ಅತ್ತಿ. ಹೊಟ್ಟ್ಯಾಗ ತತ್ತಿ ತುಂಬಿರಬೇಕು, ಮೈಯಾಗ ಕಸುವು ಇರಬೇಕು."

ಅಷ್ಟು ಕೇಳಿದ ಮೇಲೆ ಅವರೇ ಮಲ್ಲಿಯ ಊಟದ ಹೊತ್ತು ನೆನಪಿಸಲು ಶುರು ಮಾಡಿದರು.

ಕಸುವು ಬರುವುದು ಜೀವಂತ ಆಹಾರದಿಂದ. ಬರೀ ಕಾಳಿನ ಫುಡ್ ಹಾಕಿದರೆ ಮೀನು ಬದುಕುತ್ತದೆ, ಆದರೆ ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ ಚೆನ್ನಾಗಿ ತುಂಬಲು ಹುಳುವೇ ಬೇಕು. ಸೊಳ್ಳೆ ಮರಿ, ಡಾಫ್ನಿಯಾ ಅನ್ನುವ ಸಣ್ಣ ನೀರುಹುಳ, ಬ್ಲಡ್‌ವರ್ಮ್ ಅನ್ನುವ ಕೆಂಪು ಹುಳ, ಸಿಕ್ಕಿದ್ದನ್ನು ಬದಲಿಸಿ ಬದಲಿಸಿ ದಿನಕ್ಕೆ ಎರಡು ಮೂರು ಸಲ, ಸ್ವಲ್ಪ ಸ್ವಲ್ಪವೇ ಕೊಡಬೇಕು. ಒಮ್ಮೆಲೇ ಜಾಸ್ತಿ ಹಾಕಿದರೆ ಹೊಟ್ಟೆ ಉಬ್ಬರಿಸುತ್ತದೆ, ಆ ಉಬ್ಬರವನ್ನೇ ಮೊಟ್ಟೆ ಅಂದುಕೊಂಡು ಜೋಡಿ ಬಿಡುವವರೂ ಇದ್ದಾರೆ. ಮೊಟ್ಟೆ ತುಂಬಿದ ಹೊಟ್ಟೆ ಬೆಳಗ್ಗೆ ಊಟಕ್ಕೆ ಮೊದಲೂ ದುಂಡಗಿರುತ್ತದೆ, ತಿಳಿ ಬಣ್ಣದ ಮೀನಾದರೆ ಚರ್ಮದ ಒಳಗಿಂದ ಹಳದಿ ಛಾಯೆ ಕಾಣುತ್ತದೆ. ಊಟ ಜೋರಾಗಿರುವ ಈ ದಿನಗಳಲ್ಲಿ ನೀರು ಬೇಗ ಹಾಳಾಗುತ್ತದೆ. ದಿನ ಬಿಟ್ಟು ದಿನ ಮೂರನೇ ಒಂದು ಭಾಗ ನೀರು ಬದಲಿಸಿ.

ಸೊಳ್ಳೆ ಮರಿಗೆ ನಾನು ಹಿತ್ತಲಲ್ಲಿ ಒಂದು ಬಕೆಟ್ ಇಡುತ್ತೇನೆ. ಇದರ ಬಗ್ಗೆ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ ಬಕೆಟ್ ನೋಡಿ, "ಅಕ್ಕಾರ, ಇದನ್ನ ಈಗಿಂದೀಗ ಚೆಲ್ರಿ, ಡೆಂಗಿ ಎದ್ದೈತಿ" ಅಂದಳು. ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಸೊಳ್ಳೆ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಬೆಚ್ಚಗಿನ ದಿನಗಳಲ್ಲಿ ಏಳೆಂಟು ದಿನ ಸಾಕು. ಅವಳ ಎದುರಿಗೇ ಬಕೆಟ್ಟಿನ ಬಾಯಿಗೆ ಸೊಳ್ಳೆ ಪರದೆಯ ಬಟ್ಟೆಗೆ ಎಲಾಸ್ಟಿಕ್ ಹಾಕಿ ಹೊಲಿದ ಮುಚ್ಚಳ ಬಿಗಿದು ತೋರಿಸಿದೆ. ಮೊಟ್ಟೆ ಬಿದ್ದದ್ದು ಕಂಡ ದಿನವೇ ಅದನ್ನು ಬಿಗಿಯುತ್ತೇನೆ, ಮರಿಗಳನ್ನು ದಿನಾ ಸೋಸುತ್ತೇನೆ, ನಾಲ್ಕು ದಿನದ ಮೇಲೆ ಉಳಿದದ್ದನ್ನೆಲ್ಲ ಬಿಸಿಲಿನ ನೆಲಕ್ಕೆ ಚೆಲ್ಲಿ ಬಕೆಟ್ ಒಣಗಿಸುತ್ತೇನೆ. ಇಷ್ಟು ಶಿಸ್ತು ಆಗಲ್ಲ ಅನ್ನುವವರು ಬಕೆಟ್ ಇಡಲೇಬೇಡಿ. ಫ್ರೋಜನ್ ಬ್ಲಡ್‌ವರ್ಮ್ ತಂದು ಫ್ರೀಜರ್‌ನಲ್ಲಿಡಿ. ಮೀನಿನ ಸಲುವಾಗಿ ಓಣಿಯ ಮಕ್ಕಳು ಜ್ವರದಿಂದ ಮಲಗಬಾರದು.

ನೀರಿನ ವಿಷಯ ನಮ್ಮೂರಲ್ಲಿ ದೊಡ್ಡದು. ಬೋರ್ ನೀರು ಗಡಸು. ಪಾತ್ರೆಯಲ್ಲಿ ಕಾಯಿಸಿದರೆ ತಳಕ್ಕೆ ಬಿಳಿ ಪದರ ಕೂರುತ್ತದೆ. ಬೆಟ್ಟಾಗೆ ಮೆದು ನೀರು ಇಷ್ಟ, ನೀರಿನ ಹುಳಿ-ಕ್ಷಾರ ಹೇಳುವ ಪಿಎಚ್ 6.5ರಿಂದ 7.5ರ ನಡುವೆ ಇದ್ದರೆ ಚೆಂದ. ಬೋರ್ ನೀರಿಗೆ ಅರ್ಧದಷ್ಟು ಶುದ್ಧ ನೀರಿನ ಘಟಕದ ನೀರು ಬೆರೆಸಿಕೊಳ್ಳುತ್ತೇನೆ. ಬರೀ ಆ ನೀರನ್ನೇ ಹಾಕಬಾರದು, ಅದರಲ್ಲಿ ಲವಣಾಂಶ ಬಹಳ ಕಡಿಮೆ. ನಳದ ನೀರಾದರೆ ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ಇಡೀ ದಿನ ಬಿಟ್ಟರೆ ಕ್ಲೋರಿನ್ ಹೋಗುತ್ತದೆ. ತಾಮ್ರದ ಕೊಡದಲ್ಲಿ ತುಂಬಿಟ್ಟ ನೀರು ಮಾತ್ರ ಬೇಡ. ನಮಗೆ ಅದು ಒಳ್ಳೆಯದು ಅಂತ ಕುಡಿಯುತ್ತೇವೆ, ಆದರೆ ತಾಮ್ರದ ಅಂಶ ಮೀನಿಗೆ ವಿಷ.

ಆ ನೀರಿಗೆ ಬಾದಾಮಿ ಗಿಡದ ಒಣಗಿದ ಎಲೆ ಹಾಕುತ್ತೇನೆ. ರಸ್ತೆ ಬದಿಯಲ್ಲಿ ನೆರಳಿಗೆ ಅಂತ ಬೆಳೆಸುವ, ಹುಡುಗರು ಕಾಯಿ ಕುಟ್ಟಿ ಬೀಜ ತಿನ್ನುವ ಗಿಡ. ತಾನಾಗಿ ಕೆಂಪಾಗಿ ಉದುರಿದ ಎಲೆಯೇ ಆಗಬೇಕು. ಔಷಧಿ ಹೊಡೆದ ಜಾಗದ ಎಲೆ, ವಾಹನಗಳ ಹೊಗೆ ಬಡಿದ ಎಲೆ ಬೇಡ. ತೊಳೆದು, ನೆರಳಲ್ಲಿ ಒಣಗಿಸಿ, ನೀರಿಗೆ ಬಿಟ್ಟರೆ ಎರಡು ದಿನದಲ್ಲಿ ಚಹಾದ ಬಣ್ಣ ಬರುತ್ತದೆ. ಎಲೆಯ ಒಗರು ನೀರಿಗಿಳಿದು ಬೂಷ್ಟು ಬರುವುದನ್ನು ತಡೆಯುತ್ತದೆ. ಅಂಗಡಿಯಲ್ಲಿ ಇದೇ ಎಲೆಯನ್ನು ಪ್ಯಾಕೆಟ್ ಮಾಡಿ ಮಾರುತ್ತಾರೆ.

ಬೆಟ್ಟಾ ಥಾಯ್ಲೆಂಡ್ ಕಡೆಯ ಮೀನು. 2019ರಲ್ಲಿ ಅಲ್ಲಿನ ಸರ್ಕಾರ ಅದನ್ನು ರಾಷ್ಟ್ರೀಯ ಜಲಚರ ಅಂತ ಘೋಷಿಸಿತು. ಅಲ್ಲಿ ಇದು ಭತ್ತದ ಗದ್ದೆ, ಜೌಗು ನೆಲದ ಆಳವಿಲ್ಲದ ನೀರಿನಲ್ಲಿ ಇರುವಂಥದ್ದು. ಮರಿ ಮಾಡಿಸುವ ತೊಟ್ಟಿಯಲ್ಲೂ ಹತ್ತರಿಂದ ಹದಿನೈದು ಸೆಂಟಿಮೀಟರ್ ನೀರು ಸಾಕು, ಜಾಸ್ತಿ ಬೇಡ. ಗಂಡು ನೀರಿನ ಮೇಲೆ ಗುಳ್ಳೆ ಬಿಟ್ಟು ನೊರೆಗೂಡು ಕಟ್ಟುತ್ತದೆ, ಬೀಳುವ ಮೊಟ್ಟೆಯನ್ನು ಬಾಯಲ್ಲಿ ಎತ್ತಿ ಅದಕ್ಕೆ ಒಯ್ಯಬೇಕು. ಆಳ ಜಾಸ್ತಿಯಾದಷ್ಟೂ ಅದಕ್ಕೆ ದಣಿವು. ತಳಕ್ಕೆ ಕಲ್ಲು ಮರಳು ಹಾಕಬೇಡಿ, ಮೊಟ್ಟೆ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಒಂದು ಮೂಲೆಯಲ್ಲಿ ಅರ್ಧ ಸೀಳಿದ ಥರ್ಮಾಕೋಲ್ ಲೋಟ ತೇಲಿಸಿ ಅಂಟಿಸಿದರೆ ಗಂಡು ಅದರಡಿ ಗೂಡು ಕಟ್ಟುತ್ತದೆ. ಎದುರು ಮೂಲೆಯಲ್ಲಿ ದಟ್ಟವಾಗಿ ಗಿಡ, ಪಾಚಿ, ಒಂದೆರಡು ಸಣ್ಣ ಕುಡಿಕೆ ಇಡಿ. ಅದು ಹೆಣ್ಣಿಗೆ ಅಡಗಲು. ಇಲ್ಲಿ ಜಿಪುಣತನ ಮಾಡಬೇಡಿ. ಅಡಗಲು ಜಾಗವಿಲ್ಲದ ತೊಟ್ಟಿಗೆ ಹೆಣ್ಣನ್ನು ಬಿಡುವುದು ತಪ್ಪು ಅಂತಲೇ ನಾನು ತಿಳಿದಿದ್ದೇನೆ.

ನೀರಿನ ಬಿಸಿ 27, 28 ಡಿಗ್ರಿಯಲ್ಲಿ ನಿಲ್ಲಬೇಕು. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ದಾಟುತ್ತದೆ. ಆರ್‌ಸಿಸಿ ಮನೆಯೊಳಗೆ ತೊಟ್ಟಿ ಕೂಡ ಕಾಯುತ್ತದೆ. ಚಳಿಗಾಲದ ಬೆಳಗ್ಗೆ ಹೀಟರ್ ಇಲ್ಲದೆ ಆಗಲ್ಲ, ಕರೆಂಟ್ ಹೋದರೆ ಅದೂ ಇಲ್ಲ. ಅದಕ್ಕೆ ನಾನು ಗಣಪತಿ ಹಬ್ಬದಿಂದ ದೀಪಾವಳಿವರೆಗಿನ ದಿನ ಆರಿಸಿಕೊಳ್ಳುತ್ತೇನೆ. ಬ್ಲೌಸ್ ಕೆಲಸ ತಲೆಮೇಲೆ ಇರುವ ಹೊತ್ತೇ ಅದು, ಆದರೂ ಹವೆ ಮೀನಿಗೆ ಒಪ್ಪುತ್ತದೆ. ತೊಟ್ಟಿಗೆ ಬಿಗಿ ಮುಚ್ಚಳ ಬೇಕೇ ಬೇಕು. ಬೆಟ್ಟಾ ನೀರಿನ ಮೇಲೆ ಬಂದು ಗಾಳಿ ಕುಡಿಯುವ ಮೀನು. ನಮ್ಮ ಒಣಹವೆಗೆ ನೊರೆಗೂಡು ಒಡೆಯದಿರಲು, ಮುಂದೆ ಮರಿಗಳಲ್ಲಿ ಆ ಉಸಿರಿನ ಅಂಗ ಬೆಳೆಯುವಾಗ ತಣ್ಣಗಿನ ಗಾಳಿ ತಾಗದಿರಲು, ಮುಚ್ಚಳದಡಿ ಬೆಚ್ಚಗಿನ ತೇವ ನಿಲ್ಲಬೇಕು.

ಇಷ್ಟೆಲ್ಲ ಆಗುವ ಹೊತ್ತಿಗೇ ಮರಿಗಳ ಊಟವೂ ಕುದುರಿರಬೇಕು. ನಾನು ಜೋಳದ ಹಿಟ್ಟಿನ ಗಟ್ಟಿ ಗಂಜಿ ಮಾಡಿ, ಆರಿಸಿ, ಚಿಟಿಕೆ ಯೀಸ್ಟ್ ಉದುರಿಸಿ, ಮೈಕ್ರೋವರ್ಮ್ ಅನ್ನುವ ದಾರದಂಥ ಸಣ್ಣ ಹುಳುಗಳನ್ನು ಬಿಟ್ಟು ಬೆಳೆಸುತ್ತೇನೆ. ಇನ್ನೊಂದು ಮಾತು, ಒಂದು ಸಲಕ್ಕೆ ನೂರಕ್ಕಿಂತ ಹೆಚ್ಚು ಮರಿ ಬರಬಹುದು. ಎರಡು ಮೂರು ತಿಂಗಳಿಗೆ ಗಂಡುಗಳು ಕಚ್ಚಾಡಲು ಶುರು ಮಾಡುತ್ತವೆ, ಒಂದೊಂದಕ್ಕೂ ಒಂದೊಂದು ಬಾಟಲಿ ಬೇಕು. ಬಾಟಲಿ, ಜಾಗ, ಕೊಂಡೊಯ್ಯುವವರು ಇಲ್ಲದಿದ್ದರೆ ಜೋಡಿಯನ್ನು ಸುಮ್ನೆ ನೋಡಿ ಖುಷಿಪಡಿ, ಮರಿ ಮಾಡಿಸಬೇಡಿ.

ಈಗ ಪರಿಚಯ. ಗಂಡನ್ನು ತೊಟ್ಟಿಗೆ ಬಿಟ್ಟ ಮೇಲೆ, ಹೆಣ್ಣನ್ನು ಗಾಜಿನೊಳಗೆ ಇಟ್ಟು ತೋರಿಸಬೇಕು. ನನ್ನ ಹತ್ತಿರ ಹಳೆ ಕಂದೀಲಿನ ಗಾಜು ಇದೆ, ಎರಡೂ ಕಡೆ ತೆರೆದದ್ದು. ತೊಟ್ಟಿಯಲ್ಲಿ ನೆಟ್ಟಗೆ ನಿಲ್ಲಿಸಿ ಒಳಗೆ ಮಲ್ಲಿಯನ್ನು ಬಿಟ್ಟು, ಹಾರದಂತೆ ಮೇಲೆ ತೂತು ಮಾಡಿದ ಮುಚ್ಚಳ ಇಟ್ಟೆ. ಸರದಾರ ಕಿವಿರು ಬಿಚ್ಚಿ, ರೆಕ್ಕೆ ಅಗಲಿಸಿ ಗಾಜಿನ ಸುತ್ತ ಸುತ್ತಿತು. ಮಲ್ಲಿಯ ಮೈಮೇಲೆ ಮೊದಲು ತಲೆಯಿಂದ ಬಾಲದವರೆಗೆ ಎರಡು ಉದ್ದ ಗೆರೆ ಮೂಡಿದವು. ಅದು ಹೆದರಿಕೆಯ ಗುರುತು. ಆ ದಿನ ಅಲ್ಲಿಗೇ ನಿಲ್ಲಿಸಿ ಅದರ ಬಾಟಲಿಗೆ ವಾಪಸ್ ಹಾಕಿದೆ. ದಿನಾ ಸಂಜೆ ಸ್ವಲ್ಪ ಹೊತ್ತು ಹೀಗೇ ತೋರಿಸುತ್ತಾ ಬಂದೆ. ನಿನ್ನೆ ಸಂಜೆ ಟ್ಯೂಬ್‌ಲೈಟ್ ಬೆಳಕಲ್ಲಿ ನೋಡುತ್ತಿದ್ದಂತೆ ಉದ್ದ ಗೆರೆ ಮಾಸಿ, ಬೆನ್ನಿಂದ ಹೊಟ್ಟೆಗೆ ಇಳಿಯುವ ಅಡ್ಡ ಪಟ್ಟೆಗಳು ಒಂದೊಂದಾಗಿ ಎದ್ದವು. ಅದು ತಯಾರಾದ ಗುರುತು. ತಲೆ ಕೆಳಗೆ ಮಾಡಿಕೊಂಡು ಗಾಜಿಗೆ ಒತ್ತಿ ನಿಂತಿತು. ಬಿಳಿ ಚುಕ್ಕೆ ಹೊರಗೆ ಚಾಚಿತ್ತು. ಅತ್ತ ಸರದಾರ ಥರ್ಮಾಕೋಲಿನ ಕೆಳಗೆ ಹೋಗಿ ಗಾಳಿ ಕುಡಿದು ಗುಳ್ಳೆ ಬಿಡುವುದು, ಬಂದು ಮಲ್ಲಿಯನ್ನು ನೋಡುವುದು, ಮತ್ತೆ ಗುಳ್ಳೆ. ಗೂಡು ದಪ್ಪಗೆ ಎದ್ದಿದೆ.

ನಾಳೆ ಬೆಳಗ್ಗೆ ಕಂದೀಲಿನ ಗಾಜು ಎತ್ತುತ್ತೇನೆ. ಇವತ್ತು ಎರಡಕ್ಕೂ ಊಟ ಕಡಿಮೆ. ಬಿಟ್ಟ ಮೇಲೆ ಸ್ವಲ್ಪ ಅಟ್ಟಾಡಿಸುವುದು, ರೆಕ್ಕೆಯ ತುದಿ ಹರಿಯುವುದು ಇದ್ದದ್ದೇ. ಆದರೆ ಹೆಣ್ಣು ಮೂಲೆ ಬಿಟ್ಟು ಏಳದಿದ್ದರೆ, ಮತ್ತೆ ಉದ್ದ ಗೆರೆ ಬಂದರೆ, ಮೈಗೆ ಗಾಯವಾದರೆ, ಕೂಡಲೇ ತೆಗೆಯಬೇಕು. ಕೂಡಿದರೆ ಮೊಟ್ಟೆ ಬೀಳುವುದು ಮುಗಿದ ತಕ್ಷಣ ಗಂಡು ಗೂಡು ಕಾಯಲು ಹೆಣ್ಣನ್ನು ಓಡಿಸುತ್ತದೆ. ಆಗಲೂ ಮೊದಲು ಹೊರಗೆ ಬರಬೇಕಾದದ್ದು ಹೆಣ್ಣೇ. ಗಂಡು ಅಲ್ಲೇ ಇರಲಿ, ಒಂದೆರಡು ದಿನದಲ್ಲಿ ಮೊಟ್ಟೆ ಒಡೆದು, ಆಮೇಲೆ ಎರಡು ಮೂರು ದಿನಕ್ಕೆ ಮರಿಗಳು ನೆಟ್ಟಗೆ ಈಜುವವರೆಗೆ. ಮಲ್ಲಿಯ ಬಾಟಲಿಗೆ ಹೊಸ ಎಲೆ ಹಾಕಿ, ನೀರಿನ ಬಿಸಿ ತೊಟ್ಟಿಯಷ್ಟೇ ಇರುವಂತೆ ಈಗಲೇ ಪಕ್ಕದಲ್ಲಿ ಇಟ್ಟಿದ್ದೇನೆ. ತೊಟ್ಟಿಯಿಂದ ಹೊರಗೆ ತೆಗೆದ ಮೇಲೆ ಎರಡು ವಾರವಾದರೂ ಅದಕ್ಕೆ ಗಂಡಿನ ಮುಖ ತೋರಿಸುವುದಿಲ್ಲ.